ಹೊಳಲಿಗೆ ಹೋದ ಬಾಳೆಹಣ್ಣು

ಹೆಸರು ಬರೆಯುವುದರಲ್ಲಿ ಗಂಗಾಧರ್ ತಪ್ಪುವ ಮನುಷ್ಯನಲ್ಲ ಎಂದು ಕೊಟ್ಟೂರಿನ ಆ ಹೈಸ್ಕೂಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹದಿನಾರು ವರ್ಷಗಳಿಂದ ಅವನು ಅಲ್ಲಿ ಗುಮಾಸ್ತ. ಹಗಲು ಬಟ್ಟೆ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನಾದ್ದರಿಂದ ತಾನು ಕಲಿತದ್ದು ಅರೆಬರೆಯೇನೋ ಎಂಬ ಅಳುಕು ಅವನನ್ನು ಎಂದೂ ಬಿಟ್ಟಿರಲಿಲ್ಲ. ಆ ಅಳುಕೇ ಅವನನ್ನು ಒಳ್ಳೆಯ ಗುಮಾಸ್ತನನ್ನಾಗಿ ಮಾಡಿತ್ತು. ಟಿ.ಸಿ. ಬರೆಯುವಾಗ ಮಗುವಿನ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ತಾರೀಖು ಒಂದೊಂದನ್ನೂ ದಾಖಲಾತಿ ಪುಸ್ತಕದ ಜೊತೆ ಎರಡು ಸಲ ಹೋಲಿಸಿ ನೋಡುತ್ತಿದ್ದ. ಮೂರನೆಯ ಸಲ ಬಾಯಿಬಿಟ್ಟು ಓದಿ ಆಮೇಲೆ ಸೀಲು ಒತ್ತುತ್ತಿದ್ದ. ಒಂದಕ್ಷರ ತಪ್ಪಿದರೆ ಆ ಮಗು ಮುದಿಯಾಗುವ ತನಕ ಅಫಿಡವಿಟ್ ಹಿಡಿದುಕೊಂಡು ಅಲೆಯಬೇಕಾಗುತ್ತದೆ ಎಂದು ಹೊಸ ಮೇಷ್ಟ್ರುಗಳಿಗೆಲ್ಲ ಹೇಳುತ್ತಿದ್ದ.

ಅಂಥವನು ಜೂನ್ ತಿಂಗಳ ಒಂದು ಮಧ್ಯಾಹ್ನ, ಹಿಟ್ಟಿನ ಗಿರಣಿಯ ಪಾಲಯ್ಯನ ಮಗಳು ರೋಜಾಳ ಟಿ.ಸಿ.ಯಲ್ಲಿ ತಂದೆಯ ಹೆಸರಿನ ಮುಂದೆ ದುಂಡಗೆ, ಅಚ್ಚುಕಟ್ಟಾಗಿ, ‘ಗಂಗಾಧರ್’ ಎಂದು ತನ್ನ ಹೆಸರನ್ನೇ ಬರೆದುಬಿಟ್ಟ.

ಹುಡುಗಿ ಅದನ್ನು ನೋಡಿಕೊಳ್ಳದೆ ಹಡಗಲಿಯ ಕಾಲೇಜಿಗೆ ಸೇರಲು ಹೋದಳು. ಅಲ್ಲಿ ಕೌಂಟರಿನವರು ನಕ್ಕರು. ಮರುದಿನ ಪಾಲಯ್ಯ ಮೈಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ಆಫೀಸಿಗೆ ಬಂದು, ಕಾಗದವನ್ನು ಮೇಜಿನ ಮೇಲೆ ಹರವಿದ. ಜಗಳ ಮಾಡಲಿಲ್ಲ.

“ಸರ್, ನನ್ನ ಮಗಳಿಗೆ ಅಪ್ಪ ಬದಲಾಗ್ಯಾನ್ರಿ. ಸ್ವಲ್ಪ ನೋಡ್ರಿ” ಎಂದ.

ಸ್ಟಾಫ್ ರೂಮಿನಲ್ಲಿ ಎದ್ದ ನಗು ಎರಡು ದಿನ ಆರಲಿಲ್ಲ. ಹೆಡ್‌ಮಾಸ್ಟರು ಮಾತ್ರ ನಗಲಿಲ್ಲ. ಬಾಗಿಲು ಮುಂದೆ ಮಾಡಿ ಅವನನ್ನು ಕೂರಿಸಿಕೊಂಡರು.

“ಊಟದ ಬಿಡುವಿನ್ಯಾಗ ನೀವು ಎಲ್ಲಿಗೆ ಹೋಗಿ ಬರ್ತೀರಿ ಅಂತ ನನಗ ಗೊತ್ತಿಲ್ಲ ಅಂತ ತಿಳಕೊಂಡೀರೇನು? ದೀಪಾವಳಿ ತನಕ ನೋಡ್ತೀನಿ. ಎಲ್ಲ್ಯಾರ ಹೋಗ್ರಿ, ಏನಾರ ಮಾಡ್ರಿ, ಬಿಟ್ಟು ಬರ್ರಿ. ಇನ್ನೊಮ್ಮೆ ಬಾಯಿ ವಾಸ್ನಿ ಬಂತಂದ್ರ ಆಡಳಿತ ಮಂಡಳಿಗೆ ಬರೀಬೇಕಾಕ್ಕೈತಿ. ಆ ಕಾಗದ ನಿಮ್ಮ ಕೈಯಾಗ ಬರಸ್ತೀನಿ, ನೆನಪಿರ್ಲಿ.”

ಎಲ್ಲಾದರೂ ಹೋಗಿ ಎಂದರೆ ಎಲ್ಲಿಗೆ ಹೋಗುವುದು? ಉಜ್ಜಿನಿಯ ಮರುಳಸಿದ್ಧನ ಮುಂದೆ ಅಂಗೈಯಲ್ಲಿ ಕರ್ಪೂರ ಹಚ್ಚಿ ಆಣೆ ಮಾಡಿದ್ದಾಗಿತ್ತು. ಅವ್ವ ನಾಗಲಿಂಗಮ್ಮನ ಪಾದ ಮುಟ್ಟಿದ್ದಾಗಿತ್ತು. ಹೆಂಡತಿ ಅರ್ಚನಾಳ ಮುಂದೆ ನಾಲ್ಕು ಸಲ ಅತ್ತಿದ್ದಾಗಿತ್ತು. ಪ್ರತಿ ಸಲವೂ ಅವನು ಮನಸಾರೆ ಹೇಳಿದ್ದ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು.

ಜುಲೈನಲ್ಲಿ ಶಾಲೆಯ ಕೆಲಸಕ್ಕೆ ಹಗರಿಬೊಮ್ಮನಹಳ್ಳಿಗೆ ಹೋದಾಗ ಬಸ್ ಸ್ಟ್ಯಾಂಡಿನ ಕಂಬದ ಮೇಲೆ ಒಂದು ಚೀಟಿ ಕಂಡಿತು. ‘ಕುಡಿತ ಬಿಡಬೇಕೆಂಬ ಮನಸ್ಸಿದ್ದವರಿಗೆ. ಪ್ರತಿ ಭಾನುವಾರ ನಾಲ್ಕು ಗಂಟೆಗೆ, ಹರಪನಹಳ್ಳಿ. ಫೀ ಇಲ್ಲ, ಔಷಧ ಇಲ್ಲ.’ ಕೆಳಗೊಂದು ಫೋನ್ ನಂಬರು. ಕೊನೆಯ ಅಂಕಿಯ ಮೇಲೆ ಯಾರೋ ಎಲೆಅಡಿಕೆ ಉಗುಳಿದ್ದರು. ಗಂಗಾಧರ್ ಬಸ್ಸು ನೋಡುವವನಂತೆ ನಿಂತು, ಕಂಬದ ಕಡೆ ಮುಖ ಮಾಡದೆಯೇ ಒಂಬತ್ತು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡ.

ತನ್ನ ನಂಬರಿನಿಂದ ಫೋನ್ ಮಾಡಲು ಧೈರ್ಯವಾಗಲಿಲ್ಲ. ಇದಕ್ಕೆಂದೇ ಬೇರೆ ಸಿಮ್ ತೆಗೆದುಕೊಂಡ. ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ನಿಂತು ಸೊನ್ನೆಯಿಂದ ಶುರುಮಾಡಿದ. ಸೊನ್ನೆ ಹೋಗಲಿಲ್ಲ. ಒಂದಕ್ಕೆ ಕೂಡ್ಲಿಗಿಯ ಯಾರೋ ವ್ಯಾಪಾರಿ ಎತ್ತಿ, “ಮೆಕ್ಕೆಜೋಳ ಎಷ್ಟು ಚೀಲ ಐತಿ, ಅದನ್ನ ಮೊದ್ಲು ಹೇಳ್ರಿ” ಎಂದ. ಎರಡಕ್ಕೆ ಒಬ್ಬ ಹೆಂಗಸು.

“ಇದು… ಕುಡಿಯೋದು ಬಿಡಸೋರ ನಂಬರೇನ್ರಿ?”

“ಅಲ್ಲಪ್ಪ” ಎಂದಳು ಆಕೆ. ಫೋನು ಇಡಲಿಲ್ಲ. “ಅವರ ನಂಬರ್ ಸಿಕ್ರ ನನಗೂ ಹೇಳು. ನಮ್ಮನ್ಯಾಗೂ ಒಬ್ಬ ಅದಾನ” ಎಂದಳು.

ಆರಕ್ಕೆ ಒಬ್ಬ ವಯಸ್ಸಾದವನ ದನಿ ಬಂತು.

“ಹೌದ್ರಿ, ಇದ ನಂಬರು. ನಾನು ಸೋಮಪ್ಪ. ಇವತ್ತು ಕುಡಿದೀರೇನು?”

“ಹೂಂ… ಸ್ವಲ್ಪ.”

“ಇರ್ಲಿ ಬಿಡ್ರಿ. ಭಾನುವಾರ ಒಂದು ದಿನ ಕುಡೀದ ಬರ್ರಿ, ಸಾಕು. ಬಸ್ ಸ್ಟ್ಯಾಂಡ್ ಹಿಂದ ಹಳೇ ಟೈಪಿಂಗ್ ಇನ್‌ಸ್ಟಿಟ್ಯೂಟ್ ಐತಲ್ಲ, ಅದರ ಮ್ಯಾಲ. ಮೆಟ್ಲು ಕಡಿದಾಗಿ ಅದಾವ, ನೋಡ್ಕೊಂಡು ಹತ್ರಿ.”

ಆ ಹೆಂಗಸಿಗೆ ನಂಬರು ಹೇಳಬೇಕೆಂದು ಅವನು ಮೂರು ದಿನ ಅಂದುಕೊಂಡ. ಹೇಳಲಿಲ್ಲ.

ಹರಪನಹಳ್ಳಿಯ ಆ ಮಹಡಿ ಕೋಣೆಯಲ್ಲಿ ಹತ್ತು ಟೈಪ್‌ರೈಟರುಗಳು ಬಟ್ಟೆ ಹೊದ್ದು ಗೋಡೆಗುಂಟ ಕೂತಿದ್ದವು. ನಡುವೆ ಚಾಪೆ. ಎಂಟು ಮಂದಿ. ಸೋಮಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ಕುಡಿದು ಕಂಬದಿಂದ ಬಿದ್ದು ಎಡಗಾಲು ಗಿಡ್ಡವಾಗಿತ್ತು. ಬಿಟ್ಟು ಹನ್ನೊಂದು ವರ್ಷ.

“ಇಲ್ಲಿ ಹೆಸರಷ್ಟ ಸಾಕ್ರಿ” ಎಂದ ಸೋಮಪ್ಪ. “ಊರು ಬ್ಯಾಡ, ಕುಲ ಬ್ಯಾಡ. ಹೆಸರು ಹೇಳೋದು, ಬಿಟ್ಟು ಎಷ್ಟು ದಿನ ಆತು ಹೇಳೋದು. ಮಾತಾಡಬೇಕನಿಸಿದ್ರ ಮಾತಾಡೋದು, ಇಲ್ಲಾಂದ್ರ ಸುಮ್ನ ಕುಂದ್ರೋದು.”

ಅವತ್ತು ಗಂಗಾಧರ್ ಹೆಸರನ್ನೂ ಹೇಳಲಿಲ್ಲ. “ಹೊಸಬ” ಎಂದಷ್ಟೇ ಅಂದ. ಯಾರೂ ಒತ್ತಾಯ ಮಾಡಲಿಲ್ಲ. ಒಬ್ಬೊಬ್ಬರೂ ಮಾತಾಡಿದ್ದನ್ನು ಕೇಳುತ್ತ, ಇವರಿಗೆಲ್ಲ ನನ್ನ ವಿಷಯ ಯಾರು ಹೇಳಿದರು ಎಂದು ಅವನಿಗೆ ದಿಗಿಲಾಯಿತು. ಬಾಟಲಿಯನ್ನು ಕಡತದ ಕಪಾಟಿನಲ್ಲಿಡುವುದು, ಬಾಯಿಗೆ ಸೋಂಪು ಹಾಕಿಕೊಳ್ಳುವುದು, ಮನೆಗೆ ಹೋಗುವ ಮುಂಚೆ ಎದುರಿಗೆ ಬಂದವರ ಜೊತೆ ಮಾತಾಡಿ ನಾಲಿಗೆ ತೊದಲುತ್ತದೆಯೋ ಎಂದು ನೋಡಿಕೊಳ್ಳುವುದು, ಎಲ್ಲವೂ ಅವರಿಗೆ ಗೊತ್ತಿತ್ತು.

ಆದರೆ ಮೆಟ್ಟಿಲಿಳಿದು ಚಹಾದಂಗಡಿಗೆ ಬಂದೊಡನೆ ಮಹಡಿಯ ಕಾನೂನು ಮುಗಿದು ಈ ಸೀಮೆಯ ಕಾನೂನು ಶುರುವಾಯಿತು. ಕೂಡ್ಲಿಗಿ ಕಡೆಯ ಲಾರಿ ಡ್ರೈವರ್ ಅಂಜಿನೇಯಲು ಅವನ ಕೈಗೆ ಗ್ಲಾಸು ಕೊಡುತ್ತ ಕೇಳಿಯೇಬಿಟ್ಟ.

“ಯಾವೂರಾತು ಸಾರ್?”

ಗಂಗಾಧರ್ ಬರುವಾಗ ಬಸ್ಸಿನುದ್ದಕ್ಕೂ ಈ ಪ್ರಶ್ನೆಗೇ ಹೆದರಿದ್ದ. ಕೊಟ್ಟೂರು ಎಂದರೆ ಮುಗಿಯಿತು. ಮುಂದಿನ ಪ್ರಶ್ನೆಗೆ ಅವರಿಗೆ ಶಾಲೆ ಸಿಗುತ್ತದೆ, ಅದರ ಮುಂದಿನದಕ್ಕೆ ಮನೆ. ಸುಳ್ಳೂರು ಹೇಳಬೇಕೆಂದರೂ ಅದರ ಓಣಿ, ಗುಡಿ, ಮನೆತನ ಗೊತ್ತಿರಬೇಕು. ಕೊಟ್ಟೂರು ಬಿಟ್ಟರೆ ಅವನಿಗೆ ಹಾಗೆ ಗೊತ್ತಿದ್ದದ್ದು ಒಂದೇ ಊರು, ಅಕ್ಕ ಸುಮಲತಾಳನ್ನು ಕೊಟ್ಟ ಊರು.

“ಹೊಳಲು” ಎಂದ.

“ಹೊಳಲಾಗ ಯಾರ ಪೈಕಿ?”

“ಅನಂತಶಯನ ಗುಡಿ ಹಿಂದಿನ ಓಣಿ. ಪ್ರವೀಣಕುಮಾರ್ ಅಂತ.”

ಬಾಯಿಂದ ಭಾವನ ಹೆಸರು ಬಿದ್ದದ್ದು ಅವನಿಗೇ ಆಮೇಲೆ ಕೇಳಿಸಿತು.

“ಏ ಅಂಜಿನೇಯಲು, ಊರು ಕೇಳಬ್ಯಾಡ ಅಂತ ಎಷ್ಟು ಸಲ ಹೇಳಬೇಕಲೇ ನಿನಗ?” ಎಂದು ಸೋಮಪ್ಪ ಗದರಿದ.

“ಕೇಳಿದ್ರ ತಪ್ಪೇನಣ್ಣ? ಮನುಷ್ಯ ಅಂದ ಮ್ಯಾಲ ಒಂದು ಊರು ಇರಬೇಕಲ್ಲ. ಆಕಾಶದಿಂದ ಉದುರ‍್ಯಾರೇನು?”

ಮುಂದಿನ ಭಾನುವಾರದಿಂದ ಅವನು ಅಲ್ಲಿ ಪ್ರವೀಣಣ್ಣನಾದ. ಯಾರಾದರೂ ಹಾಗೆ ಕರೆದರೆ ತಿರುಗಿ ನೋಡಲು ಅವನಿಗೆ ಒಂದು ಗಳಿಗೆ ಬೇಕಾಗುತ್ತಿತ್ತು. ಸರಿಪಡಿಸಬೇಕೆಂದು ಪ್ರತಿ ವಾರ ಅಂದುಕೊಳ್ಳುತ್ತಿದ್ದ. ಪ್ರತಿ ವಾರ ತಡವಾಯಿತೆನಿಸುತ್ತಿತ್ತು. ಆದರೆ ಆ ಹೆಸರಿನಲ್ಲಿ ಅವನ ನಾಲಿಗೆ ಸಡಿಲವಾಯಿತು. ಹೆಣ್ಣುಮಗಳೊಬ್ಬಳ ಕಾಗದದಲ್ಲಿ ತಂದೆಯ ಜಾಗದಲ್ಲಿ ತನ್ನ ಹೆಸರು ಬರೆದದ್ದನ್ನು ಮೂರನೆಯ ಭಾನುವಾರ ಹೇಳಿದ. ಯಾರೂ ನಗಲಿಲ್ಲ. ಆ ಹೆಸರಿನಲ್ಲಿ ಅವನು ಕುಡಿಯಲೂ ಇಲ್ಲ. ಏಳು ದಿನ, ಇಪ್ಪತ್ತೊಂದು ದಿನ, ಮೂವತ್ತೈದು ದಿನ.

ಮನೆಯಲ್ಲಿ ಹೇಳಿರಲಿಲ್ಲ. ಐದನೆಯ ಮಾತು ಕೊಡಲು ಮುಖವಿರಲಿಲ್ಲ. ಭಾನುವಾರ ಮಧ್ಯಾಹ್ನ ಅಂಗಿ ಬದಲಿಸಿ ಹೊರಟರೆ ಅರ್ಚನಾ ಕೇಳುತ್ತಿರಲಿಲ್ಲ. ಮರಳಿ ಬಂದಾಗ, “ಊಟ ಮುಚ್ಚಿಟ್ಟೀನಿ” ಎಂದು ಗೋಡೆಗೆ ಹೇಳಿ ಒಳಗೆ ಹೋಗುತ್ತಿದ್ದಳು. ಕುಡಿತ ಬಿಡಲೆಂದು ಅವನು ಹೋಗುತ್ತಿದ್ದ ಆ ಒಂದು ದಿನವೇ ಅವನು ಕುಡಿಯಲು ಹೋಗುತ್ತಾನೆ ಎಂದು ಆಕೆ ನಂಬಿದ್ದಳು.

ಆರು ವಾರ ತುಂಬಿದ ಭಾನುವಾರ ಸೋಮಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. “ಪ್ರವೀಣಪ್ಪ, ಈಗ ಮನ್ಯಾಗ ಒಬ್ಬರಿಗರ ಹೇಳು. ಒಬ್ಬನ ಹೊತ್ಕೊಂಡು ಬಾಳ ದೂರ ಹೋಗಾಕ ಆಗಂಗಿಲ್ಲ.”

ಅವತ್ತು ಸಂಜೆ ಗಂಗಾಧರ್ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಅರ್ಚನಾ, ಒಂದು ಮಾತು ಹೇಳೋದೈತಿ” ಎಂದ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಗಳನ್ನೇ ಜೋಡಿಸಿದಳು. “ಇನ್ನ ಆಣಿ ಮಾಡಬ್ಯಾಡ್ರಿ. ಕೈ ಮುಗಿತೀನಿ. ಕುಡೀರಿ ಬೇಕಾದ್ರ, ಆಣಿ ಒಂದು ಬ್ಯಾಡ. ಅದನ್ನ ಕೇಳಾಕ ನನ್ನ ಕಡಿ ಆಗವಲ್ದು.”

ಅವನು “ಏನಿಲ್ಲ” ಎಂದು ಹಿಂದಕ್ಕೆ ಬಂದ.

ಸೋಮವಾರ ಶಾಲೆ ಬಿಟ್ಟ ಮೇಲೆ ಕಾಲುಗಳು ಹಳೆಯ ದಾರಿ ಹಿಡಿದವು. ಆಕೆಯ ಮಾತಿನಿಂದ ಹೀಗಾಯಿತು ಎಂದು ಹೇಳಿಕೊಳ್ಳಲು ನೋಡಿದ. ಅದು ನಿಜವಲ್ಲ ಎಂಬುದು ಮೊದಲ ಗುಟುಕಿಗೇ ಗೊತ್ತಾಯಿತು. ಆ ಸಿಮ್ಮನ್ನು ಫೋನಿನಿಂದ ಕಿತ್ತು ಹಳೆಯ ಹಾಜರಿ ಪುಸ್ತಕಗಳ ಸಂದಿಯಲ್ಲಿ ಸಿಕ್ಕಿಸಿಟ್ಟ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ.

ಆ ವಾರ ಗುರುವಾರ ಅಕ್ಕನ ಫೋನು ಬಂತು.

“ಗಂಗೂ, ನಿಮ್ಮ ಭಾವ ಕುಡೀತಾರೇನು? ನಿನಗೇನಾರ ಗೊತ್ತಿದ್ರ ಹೇಳು. ಮುಚ್ಚಿಡಬ್ಯಾಡ.”

ಅವನಿಗೆ ಒಮ್ಮೆಲೇ ಅರ್ಥವಾಗಲಿಲ್ಲ. ಭಾವ ಎಲೆಅಡಿಕೆಯನ್ನೂ ಹಾಕುವವನಲ್ಲ. ಊರ ಹೆಣ್ಣುಮಕ್ಕಳ ಸಂಘದ ಜೊತೆ ನಿಂತು, ಕಿರಾಣಿ ಅಂಗಡಿಗಳಲ್ಲಿ ಸಾರಾಯಿ ಪಾಕೀಟು ಮಾರುವುದನ್ನು ನಿಲ್ಲಿಸಿದವನು.

“ಯಾಕಕ್ಕ, ಏನಾತು?”

“ಸೋಮವಾರ ಆ ಸೋಮಪ್ಪ ಬಂದಿದ್ನಪ್ಪ, ಹರಪನಹಳ್ಳಿಯಾಂವ, ಕುಂಟಗಾಲಿನಾಂವ. ಕೈಯಾಗ ಬಾಳಿಹಣ್ಣು. ‘ಪ್ರವೀಣಕುಮಾರ್ ಅದಾರೇನ್ರಿ, ಎರಡು ವಾರದಿಂದ ಕಂಡಿಲ್ಲ, ಆರಾಮ ಅದಾರೋ ಏನೋ ನೋಡಿ ಹೋಗಾಕ ಬಂದೆ’ ಅಂದ. ಮನ್ಯಾಗ ಇಲ್ಲ ಅಂದೆ. ಹಣ್ಣು ನನ್ನ ಕೈಯಾಗ ಕೊಟ್ಟು ಹೋದ.”

ಸೋಮಪ್ಪ ಏನನ್ನೂ ಬಾಯಿಬಿಡಬೇಕಾಗಿರಲಿಲ್ಲ. ಹಡಗಲಿ, ಹರಪನಹಳ್ಳಿ ಕಡೆಯ ಶಾಲೆಗಳಲ್ಲಿ, ಪಂಚಾಯ್ತಿ ಕಟ್ಟೆಗಳ ಮೇಲೆ ನಿಂತು ತನ್ನ ಕುಡಿತದ ಕತೆಯನ್ನು ತಾನೇ ಹೇಳುತ್ತ ಬಂದವನು ಅವನು. ಅವನ ಮುಖ, ಅವನ ನಡಿಗೆ ಎಲ್ಲರಿಗೂ ಗೊತ್ತು. ಸಭೆಗೆ ಬರುವುದು ನಿಂತವರ ಮನೆಗೆ ಹಣ್ಣು ಹಿಡಿದು ಹೋಗುವುದು ಅವನ ಪದ್ಧತಿ. ಅವನು ಹೊಕ್ಕ ಮನೆಯಲ್ಲಿ ಒಬ್ಬ ಕುಡುಕನಿದ್ದಾನೆ ಎಂದು ಜನ ಓದಿಕೊಳ್ಳುತ್ತಿದ್ದರು. ಬಸ್ ಸ್ಟ್ಯಾಂಡಿನಿಂದ ಗುಡಿಯ ಓಣಿಯ ತನಕ ಅವನು ಪ್ರವೀಣಕುಮಾರನ ಮನೆ ಕೇಳಿಕೊಂಡು ನಡೆದಿದ್ದ. ಪಾಕೀಟು ಮಾರುತ್ತಿದ್ದ ಅಂಗಡಿಯವನೇ ದಾರಿ ತೋರಿಸಿದ್ದನಂತೆ.

“ಅವರು ನಾನಲ್ಲ ಅಂತಾರ, ಗಂಗೂ” ಅಕ್ಕನ ದನಿ ಸಣ್ಣದಾಯಿತು. “ಆದ್ರ ಭಾನುವಾರ ಭಾನುವಾರ ಮೆಕ್ಕೆಜೋಳದ ವ್ಯಾಪಾರಸ್ಥರನ್ನ ನೋಡಾಕ ಹರಪನಹಳ್ಳಿಗೆ ಹೋಗ್ತಿದ್ರಲ್ಲ. ನೀನೂ ಮೊದ್ಲು ಹಿಂಗ ಇಲ್ಲ ಇಲ್ಲ ಅಂತಿದ್ದಿ ಅಂತ ಅರ್ಚನಾ ಹೇಳಿದ್ಲು. ಕುಡಿಯೋರು ಎಲ್ಲಾರೂ ಮೊದ್ಲು ಇಲ್ಲಂತಾರಂತ, ಹೌದೇನು?”

“ಶನಿವಾರ ಬರ್ತೀನಕ್ಕ” ಎಂದಷ್ಟೇ ಗಂಗಾಧರ್ ಹೇಳಿದ. ಶುಕ್ರವಾರ ಆ ಹೆದರಿಕೆಗೇ ಕುಡಿದ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಎರಡು ಬಸ್ಸು ಬದಲಿಸಿ ಹೊಳಲಿಗೆ ಇಳಿದ. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಬೆಂಚಿನಿಂದ ಒಬ್ಬ ಕೂಗಿದ.

“ಏನ್ರಿ ಗಂಗಾಧರಣ್ಣ, ಭಾವನ್ನ ನೋಡಾಕ ಬಂದ್ರೇನು? ಬಾಳಿಹಣ್ಣು ತರಲಿಲ್ಲೇನ್ರಿ?”

ಬೆಂಚಿನ ತುಂಬ ನಗೆ.

ಮನೆಯಲ್ಲಿ ಆ ಹಣ್ಣು ಗೋಡೆಯ ಗೂಡಿನಲ್ಲಿ ಇಟ್ಟಲ್ಲೇ ಇತ್ತು. ಸಿಪ್ಪೆ ಕಪ್ಪಾಗಿ, ಸಣ್ಣ ನೊಣ ಏಳುತ್ತಿದ್ದವು. ತಿನ್ನಲು ಯಾರಿಗೂ ಮನಸ್ಸಿರಲಿಲ್ಲ. ಎಸೆದರೆ ಒಪ್ಪಿಕೊಂಡಂತೆ ಎಂದೋ ಏನೋ, ಎಸೆದೂ ಇರಲಿಲ್ಲ. ಪ್ರವೀಣಕುಮಾರ್ ಹಣೆಗೆ ವಿಭೂತಿ ಹಚ್ಚಿಕೊಂಡು ಮಂಚದ ಮೇಲೆ ಕೂತಿದ್ದ. ಹೊರಗೆ ಹೋಗಿ ನಾಲ್ಕು ದಿನವಾಗಿತ್ತು.

“ಬಾರಪ್ಪ” ಎಂದ. ಅಕ್ಕ ನೀರು ತಂದಿಟ್ಟಳು.

ಬಸ್ಸಿನಲ್ಲಿ ಪೀಠಿಕೆ, ಕಾರಣ, ಕ್ಷಮೆ ಎಲ್ಲವನ್ನೂ ಅವನು ಜೋಡಿಸಿಕೊಂಡಿದ್ದ. ಒಂದೂ ಬಾಯಿಗೆ ಬರಲಿಲ್ಲ.

“ಭಾವ, ಅದು ನಾನು. ಅಲ್ಲಿಗೆ ಹೋಗತಿದ್ದದ್ದು ನಾನು. ಹೆಸರು ನಿಮ್ಮದು ಹೇಳಿದ್ದೆ.”

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಪ್ರವೀಣಕುಮಾರ್ ಅವನನ್ನು ನೋಡಲಿಲ್ಲ.

“ಗೊತ್ತು” ಎಂದ. “ಹೊಳಲಿನ ಪ್ರವೀಣಕುಮಾರ್, ಗುಡಿ ಹಿಂದಿನ ಓಣಿ ಅಂತ ಹೇಳಾಕ ಈ ಮನಿ ಉಂಡೋನ ಬೇಕಲ್ಲ. ಅವತ್ತ ಗೊತ್ತಾತು.”

“ಗೊತ್ತಿದ್ದೂ ನನಗ ಯಾಕ ಹೇಳಲಿಲ್ಲ?” ಎಂದಳು ಅಕ್ಕ.

“ಏನಂತ ಹೇಳಲಿ? ನಾನಲ್ಲ, ನಿನ್ನ ತಮ್ಮ ಅಂತ ಹೇಳ್ಲೇನು? ನಾನಲ್ಲ ಅಂದದ್ದನ್ನ ನೀನು ನಂಬಿದ್ದೇನು?” ಅವನು ಗಂಗಾಧರನ ಕಡೆ ತಿರುಗಿದ. “ಲಗ್ನ ಆಗಿ ಹತ್ತೊಂಬತ್ತು ವರ್ಷ ಆತು. ಮಂಗಳವಾರ ನಾನು ಹೊರಗಿಂದ ಬಂದು ಇಲ್ಲಿ ಕುಂತಾಗ ನಿಮ್ಮಕ್ಕ ನೀರು ಕೊಡೋ ನೆವಾ ಮಾಡಿ ಬಗ್ಗಿ ನನ್ನ ಬಾಯಿ ಮೂಸಿದ್ಲು. ಊರು ನಗೋದು ಇರ್ಲಿ. ಅದು ನಾಕು ದಿನ.”

ಅಕ್ಕ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

“ನಾನು ಈಗ ಹೋಗಿ ಊರಾಗ ಹೇಳ್ತೀನಿ, ಭಾವ.”

“ಹೇಳು. ಯಾರು ನಂಬ್ತಾರ ನೋಡು.”

ಗಂಗಾಧರ್ ಚಹಾದಂಗಡಿಯ ಮುಂದೆ ನಿಂತು ಹೇಳಿದ. ದನಿ ಗಟ್ಟಿಯಾಗಿಯೇ ಬಂತು. “ಸೋಮಪ್ಪ ಹುಡುಕ್ಕೊಂಡು ಬಂದದ್ದು ನನ್ನ. ಕುಡಿಯೋನು ನಾನು. ನಮ್ಮ ಭಾವಂದು ಇದರಾಗ ಏನೂ ಇಲ್ಲ.” ಬೆಂಚಿನವರು ಅವನ ಇಸ್ತ್ರಿ ಅಂಗಿ, ಜೇಬಿನ ಎರಡು ಪೆನ್ನು ನೋಡಿದರು. ಒಬ್ಬ ಮುದುಕ ಎದ್ದು ಬಂದು ಅವನ ಬೆನ್ನು ಸವರಿದ.

“ಹೆಣ್ಣು ಕೊಟ್ಟ ಮನಿಯವರು ಅಂದ್ರ ಹಿಂಗಿರಬೇಕು ನೋಡ್ರಪ್ಪ. ಭಾವನ ಮರ್ಯಾದಿ ಉಳಸಾಕ ತನ್ನ ಮ್ಯಾಲ ಹಾಕ್ಕೊಳ್ಳಾಕ ಬಂದಾನ. ನಿನ್ನ ಅಕ್ಕ ಪುಣ್ಯ ಮಾಡ್ಯಾಳ ಬಿಡಪ್ಪ.”

ಅವನು ಇನ್ನೊಮ್ಮೆ ಹೇಳಿದ. ಅವರು ಇನ್ನಷ್ಟು ಕನಿಕರದಿಂದ ನೋಡಿದರು. ಹದಿನಾರು ವರ್ಷ ಕದ್ದು ಕುಡಿದು ಗಳಿಸಿದ್ದ ಒಳ್ಳೆಯ ಹೆಸರು ಅವತ್ತು ಅವನ ಬಾಯಿಗೇ ಅಡ್ಡ ನಿಂತಿತ್ತು. ಬಸ್ಸು ಬಂತು, ಹತ್ತಿದ.

ಮರುದಿನ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಹರಪನಹಳ್ಳಿಯ ಆ ಕಡಿದಾದ ಮೆಟ್ಟಿಲು ಹತ್ತಿದ. ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು. ಅಂಜಿನೇಯಲು, “ಬಂದ್ರೇನು ಪ್ರವೀಣಣ್ಣ, ನಿಮ್ಮ ಸಲುವಾಗಿ ಸೋಮಣ್ಣ ಹೊಳಲಿಗೂ ಹೋಗಿ ಬಂದ” ಎಂದ. ಸರದಿ ಬಂದಾಗ ಗಂಗಾಧರ್ ಎದ್ದು ನಿಂತ. ಅಲ್ಲಿ ಯಾರೂ ಎದ್ದು ನಿಲ್ಲುವ ಪದ್ಧತಿ ಇರಲಿಲ್ಲ.

“ಹೆಸರು, ಗಂಗಾಧರ್. ತಂದಿ ಹೆಸರು, ಕರಿಸಿದ್ದಪ್ಪ. ಊರು, ಕೊಟ್ಟೂರು. ಇವತ್ತಿಗೆ ಎರಡು ದಿನ.”

ಅಂಜಿನೇಯಲು ಇನ್ನಷ್ಟು ಸರಿದು ಅವನಿಗೆ ಚಾಪೆಯ ಮೇಲೆ ಜಾಗ ಬಿಟ್ಟ.

ಎಲ್ಲರೂ ಇಳಿದು ಹೋದ ಮೇಲೆ ಗಂಗಾಧರ್ ಸೋಮ‍ಪ್ಪನ ಎದುರು ಕೂತು ನಡೆದದ್ದೆಲ್ಲ ಹೇಳಿದ. ಸೋಮಪ್ಪ ಗಿಡ್ಡ ಕಾಲನ್ನು ಚಾಚಿಕೊಂಡು ಕೇಳಿದ.

“ಆ ಮನಿ ಗ್ವಾಡಿ ಮ್ಯಾಲ ಲಗ್ನದ ಫೋಟೋ ನೋಡಿದೆ” ಎಂದ ಆಮೇಲೆ. “ಮದಿಮಗ ನೀವಲ್ಲ ಅಂತ ಗೊತ್ತಾತು. ಅದ ಫೋಟೋದಾಗ ಮೂಲ್ಯಾಗ ನೀವು ನಿಂತಿದ್ರಿ. ಅಷ್ಟೊತ್ತಿಗೆ ಹಣ್ಣು ಆ ತಾಯಿ ಕೈಯಾಗ ಕೊಟ್ಟುಬಿಟ್ಟಿದ್ದೆ. ವಾಪಸ್ ಕೊಡ್ರಿ ಅನ್ನಾಕ ಆಗ್ತೈತೇನು? ತಪ್ಪು ನಂದೂ ಐತಿ. ನಾ ಹೋಗಬಾರದಿತ್ತು.”

“ನೀವೊಮ್ಮೆ ಹೊಳಲಿಗೆ ಬಂದು, ಇವರಲ್ಲ ಅಂತ ಒಂದು ಮಾತು ಹೇಳಿದ್ರ ಸಾಕ್ರಿ. ನಿಮ್ಮ ಮಾತು ನಂಬ್ತಾರ.”

ಸೋಮಪ್ಪ ಚಾಚಿದ ಕಾಲನ್ನು ಎಳೆದುಕೊಂಡ.

“ಅದು ಆಗಂಗಿಲ್ಲಪ್ಪ. ಒಂದು ಮನಿ ಮುಂದ ನಿಂತು ಇವರಲ್ಲ ಅಂತ ಹೇಳಿದ್ನಿ ಅಂದ್ರ, ನಾಳೆ ಇನ್ನೊಂದು ಮನಿ ಮುಂದ ಸುಮ್ನಿದ್ರ ಇವರ ಹೌದು ಅಂದಂಗಾತು. ಹನ್ನೊಂದು ವರ್ಷ ನಾನು ಯಾರನ್ನೂ ಹೌದು ಅಂದಿಲ್ಲ, ಯಾರನ್ನೂ ಅಲ್ಲ ಅಂದಿಲ್ಲ. ಈ ಮೆಟ್ಲು ಹತ್ತಿ ಜನ ಬರೋದು ಆ ಒಂದು ನಂಬಿಕಿ ಮ್ಯಾಲ.”

ಬಟ್ಟೆ ಹೊದ್ದ ಟೈಪ್‌ರೈಟರುಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಗಂಗಾಧರ್ ಕಿಟಕಿಯ ಕಡೆ ನೋಡುತ್ತ ಕೂತ. ಹೆಡ್‌ಮಾಸ್ಟರು, ಸ್ಟಾಫ್ ರೂಮು, ಓಣಿಯ ಕಟ್ಟೆಗಳು, ಅವ್ವ, ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು.

“ಹಂಗಾದ್ರ ನಮ್ಮ ಮನಿಗೆ ಬರ್ರಿ” ಎಂದ. “ಕೊಟ್ಟೂರಿಗೆ. ಮುಂದಿನ ಭಾನುವಾರ, ಮುಂಜಾನಿ.”

ಸೋಮಪ್ಪ ಅವನ ಮುಖವನ್ನೇ ನೋಡಿದ. “ಆಟೋ ಮಾಡ್ಕೊಂಡು ಬಂದು ನಿಮ್ಮ ಬಾಗ್ಲಾಗ ಇಳೀತೀನಿ.”

“ಬ್ಯಾಡ್ರಿ. ಬಸ್ ಸ್ಟ್ಯಾಂಡಿನಿಂದ ನಡಕೊಂಡು ಬರ್ರಿ. ಮನಿ ಕೇಳ್ಕೋಂತ ಬರ್ರಿ.”

ಆ ವಾರ ಅವನು ಕುಡಿಯಲಿಲ್ಲ. ಕುಡಿಯದಿದ್ದದ್ದಕ್ಕೆ ಸಮಾಧಾನವೂ ಆಗಲಿಲ್ಲ. ಶನಿವಾರ ಅರ್ಚನಾಳಿಗೆ, “ನಾಳೆ ಸೋಮಪ್ಪ ಅಂತ ಒಬ್ರು ಬರ್ತಾರ” ಎಂದ. ಆಕೆಗೆ ಹೊಳಲಿನ ಸುದ್ದಿ ಅಕ್ಕನಿಂದ ಆಗಲೇ ಮುಟ್ಟಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕೈ ಒಮ್ಮೆ ನಿಂತಿತು.

“ಊಟಕ್ಕ ಇರ್ತಾರೇನು?”

“ಗೊತ್ತಿಲ್ಲ.”

“ಒಂದು ಮುಷ್ಟಿ ಹೆಚ್ಚು ಹಾಕ್ತೀನಿ” ಎಂದು ಮತ್ತೆ ಕಲ್ಲು ಹುಡುಕಿದಳು.

ಭಾನುವಾರ ಹತ್ತು ಗಂಟೆಗೆ ಗಂಗಾಧರ್ ತೊಳೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ. ಸೋಮಪ್ಪ ಓಣಿಯ ತುದಿಯಲ್ಲಿ ಕಾಣುವ ಮುಂಚೆಯೇ ಅವನ ದನಿ ಕೇಳಿಸಿತು. ಗಿರಣಿಯ ಮುಂದೆ ನಿಂತು ಕೇಳುತ್ತಿದ್ದ.

“ಗಂಗಾಧರ್ ಅವರ ಮನಿ ಯಾವುದ್ರಿ? ಕರಿಸಿದ್ದಪ್ಪನ ಮಗ, ಹೈಸ್ಕೂಲಿನ್ಯಾಗ ಅದಾರಲ್ಲ?”

ಗಿರಣಿಯ ಸದ್ದು ನಿಂತಿತು. ಪಾಲಯ್ಯ ಹೊರಗೆ ಬಂದ. ಕೈಚೀಲದಿಂದ ಹೊರಗೆ ಕಾಣುತ್ತಿದ್ದ ಬಾಳೆಹಣ್ಣನ್ನೂ ಆ ಕುಂಟು ಕಾಲನ್ನೂ ನೋಡಿದ. ಆಮೇಲೆ ಓಣಿಯ ಈ ತುದಿಯಲ್ಲಿ ನಿಂತಿದ್ದ ಗಂಗಾಧರನನ್ನು ನೋಡಿ, ಹಿಟ್ಟು ಮೆತ್ತಿದ ಕೈಯೆತ್ತಿ ಇತ್ತ ತೋರಿಸಿದ. ಸೋಮಪ್ಪ ಮುಂದಿನ ಮನೆಯಲ್ಲೂ ಕೇಳಿದ. ಅದರ ಮುಂದಿನದರಲ್ಲೂ ಕೇಳಿದ. ಕಾಣುತ್ತಿದ್ದ ಬಾಗಿಲನ್ನೇ ಹುಡುಕುತ್ತ, ಗಿಡ್ಡ ಕಾಲನ್ನೆಳೆಯುತ್ತ, ಇಡೀ ಓಣಿಯನ್ನು ನಡೆದು ಮುಗಿಸಿದ. ಹೆಂಗಸರು ಕಸಬರಿಗೆ ಹಿಡಿದೇ ಹೊಸ್ತಿಲಿಗೆ ಬಂದರು. ಒಬ್ಬ ಮೇಷ್ಟ್ರು ಸ್ಕೂಟರು ನಿಲ್ಲಿಸಿ ಒಂದು ಕಾಲು ನೆಲಕ್ಕೂರಿದ. ಗಂಗಾಧರ್ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತೇ ಇದ್ದ. ಒಳಗೆ ಓಡಬೇಕೆಂದು ಮೈಯೆಲ್ಲ ಹೇಳುತ್ತಿತ್ತು.

ಕಟ್ಟೆಯ ಮೇಲೆ ಕೂತಿದ್ದ ಅವ್ವ ನಾಗಲಿಂಗಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಯಾರಪ್ಪ ನೀವು? ಯಾವೂರು? ಯಾರ ಪೈಕಿ?”

ಸೋಮಪ್ಪ ಚೀಲ ಕೆಳಗಿಟ್ಟು ಉಸಿರು ಬಿಟ್ಟ. “ನಿಮ್ಮ ಮಗನ ಪೈಕಿ, ಅವ್ವ” ಎಂದ.

ಮುದುಕಿಗೆ ಎಷ್ಟು ತಿಳಿಯಿತೋ. ಓಣಿಯತ್ತ ನೋಡಿದಳು, ಮಗನ ಮುಖ ನೋಡಿದಳು. ಊರುಗೋಲನ್ನು ಈಚೆ ಸರಿಸಿ ಅವನಿಗೆ ದಾರಿ ಬಿಟ್ಟಳು.

ಅರ್ಚನಾ ಚೊಂಬಿನಲ್ಲಿ ನೀರು ತಂದು ಇಬ್ಬರ ನಡುವೆ ಇಟ್ಟಳು. ಗಂಗಾಧರ್ ಬಾಳೆಹಣ್ಣನ್ನು ತೆಗೆದು ತಟ್ಟೆಯಲ್ಲಿಟ್ಟ. ಈ ಸುದ್ದಿ ಎರಡು ಬಸ್ಸು ಬದಲಿಸಿ ಹೊಳಲಿಗೆ ಮುಟ್ಟುವುದಕ್ಕೆ ಎಷ್ಟು ದಿನ ಬೇಕೋ ಗೊತ್ತಿರಲಿಲ್ಲ. ಮುಟ್ಟಿದರೂ ಭಾವನ ಮನೆಯಲ್ಲಿ ಆ ಮಂಗಳವಾರ ಹಿಂದಕ್ಕೆ ಬರುವುದಿಲ್ಲ ಎಂಬುದು ಗೊತ್ತಿತ್ತು. ಅವನು ಹೊಳಲಿಗೆ ಹೋಗಿ ಬಂದ ಶನಿವಾರದಿಂದ ಅಕ್ಕ ಅವನಿಗೆ ಫೋನು ಮಾಡಿರಲಿಲ್ಲ. ನಾಳೆ ಹೆಡ್‌ಮಾಸ್ಟರು ಕರೆಯುತ್ತಾರೆ.

ಹೊರಗೆ ಯಾರೋ ಯಾರಿಗೋ ಏನೋ ಹೇಳುತ್ತಿದ್ದರು. ಅರ್ಚನಾ ತಲೆಬಾಗಿಲ ಹತ್ತಿರ ಹೋಗಿ ನಿಂತಳು.

“ಎಲ್ಲಾರೂ ನಿಂತು ನೋಡಾಕ ಹತ್ಯಾರ. ಬಾಗ್ಲ ಮುಂದ ಮಾಡ್ಲೇನು?”

“ಬ್ಯಾಡ” ಎಂದ ಗಂಗಾಧರ್. “ತೆರದ ಇರ್ಲಿ.”